ಕಣದಲ್ಲಿ ಅಮೆರಿಕದ ಊಟ

ಹಿತ್ತಲಿನ ಸಿಹಿಗುಂಬಳ ಬಲಿತೊಡನೆ ಅದನ್ನು ಯಾರಿಗೆ ದಾಟಿಸುವುದೆಂಬ ಚಿಂತೆ ನಮ್ಮ ಜಾವಳಿಯ ಮನೆಮನೆಯಲ್ಲೂ ಶುರುವಾಗುತ್ತದೆ. ಎಲ್ಲರ ಹಿತ್ತಲಲ್ಲೂ ಅದೇ ಇರುವುದರಿಂದ ಊರಿನಲ್ಲಿ ದಾನಿಗಳೇ ವಿನಾ ಪ್ರತಿಗ್ರಾಹಿಗಳಿಲ್ಲ. ಈ ವರ್ಷ ಹನ್ನೊಂದು ಕುಂಬಳ ಜಗಲಿಯಲ್ಲಿ ಸಾಲಾಗಿ ಕೂತಿದ್ದಾಗಲೇ, ಮೂಡಿಗೆರೆಯಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತನಾದ ನನ್ನ ಕಣ್ಣಿಗೆ ವಸಾಹತು ಕಾಲದ ಅಮೆರಿಕನ್ ಮನೆಗಳ ಸುಗ್ಗಿಯೂಟದ ಲೇಖನವೊಂದು ಬಿತ್ತು. ಬೇಯಿಸಿದ ಕುಂಬಳ, ಕಾಳು, ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಗಂಜಿ. ಒಂದೇ ಮೇಜಿಗೆ ಇಡೀ ಮನೆ!

ನಮ್ಮ ಪುಟ್ಟ ತೋಟದಲ್ಲಿ ಕಾಫಿ ಕೊಯ್ಯುವವರಿಗೆ ಕೊನೆಯ ದಿನ ಕಡುಬು, ಕೋಳಿ ಸಾರು ಬಡಿಸುವುದು ವಾಡಿಕೆ. ಈ ಸಲದ ಅಡುಗೆ ನನ್ನದೆಂದು ಘೋಷಿಸಿದೆ. ಹೆಂಡತಿ ಸರೋಜ, "ಮಾಡಿ ಮಾರಾಯ್ರೆ, ತಡೆಯೋರ್ಯಾರು" ಎಂದವಳೇ ಸದ್ದಿಲ್ಲದೆ ಕೋಳಿಗೂಡಿನ ಕಡೆ ಹೋದಳು.

ಕುದಿಯುವ ನೀರಿಗೆ ನಾನು ಹಿಟ್ಟು ಸುರಿದೊಡನೆ ಪಾತ್ರೆಯಲ್ಲಿ ದ್ವೀಪಸಮೂಹವೇ ಉದ್ಭವಿಸಿತು. ಇಪ್ಪತ್ತು ವರ್ಷದಿಂದ ನಮ್ಮಲ್ಲಿ ಕೊಯ್ಲಿಗೆ ಬರುವ ಸೀತಮ್ಮ ಸೌಟು ಕಸಿದುಕೊಂಡು, "ಇದು ಮುದ್ದೆ ಅಲ್ವಾ ಮೇಷ್ಟ್ರೇ? ಇದಕ್ಕೆ ಅಷ್ಟೆಲ್ಲ ಓದ್ಬೇಕಿತ್ತಾ?" ಎಂದು ತಿರುವತೊಡಗಿದಳು.

ಸೋಲನ್ನು ಭಾಷಣದಿಂದ ಮುಚ್ಚಿಕೊಳ್ಳುವುದು ಮೇಷ್ಟರ ಹಳೆಯ ಚಾಳಿ. ಆ ಒಂದೇ ಮೇಜಿನ ಸೊಬಗನ್ನು ವರ್ಣಿಸುತ್ತಿದ್ದೆ. ಸೀತಮ್ಮ ತಿರುವುತ್ತಲೇ ಕೇಳಿದಳು: "ಅವ್ರ ಮನೇಲಿ ಕೆಲ್ಸದೋರು ಎಲ್ಲಿ ಕೂತು ಉಣ್ತಿದ್ರು?"

ಲೇಖನದಲ್ಲಿ ಅದಿರಲಿಲ್ಲ. ಆದರೆ ಆಳುಗಳೂ ಗುಲಾಮರೂ ದುಡಿದ ಕಾಲವದು. ನಾನೇ ಮಕ್ಕಳಿಗೆ ಪಾಠ ಮಾಡಿದ್ದೆ.

"ಎಷ್ಟೋ ಕಡೆ ಬೇರೆಯಾಗೇ ಕೂರ್ತಿದ್ರು" ಎಂದೆ.

"ಹಂಗಾದ್ರೆ ನಮ್ಮ ಥರಾನೇ" ಎಂದು ನಕ್ಕಳು.

ಆ ನಗೆಯಲ್ಲಿ ದೂರು ಇರಲಿಲ್ಲ. ನನಗೆ ಕಷ್ಟವಾದದ್ದೇ ಅದು. ಇಪ್ಪತ್ತು ವರ್ಷ ಅವಳು ಉಂಡದ್ದು ಕಾಫಿ ಒಣಗಿಸುವ ಕಣದಲ್ಲಿ, ನಾನು ಉಂಡದ್ದು ಒಳಗೆ, ಫ್ಯಾನಿನ ಕೆಳಗೆ.

ಎಲೆ ಹಾಕಿದಾಗ ನಾನೂ ಕಣಕ್ಕಿಳಿದು ಪಂಕ್ತಿಯಲ್ಲಿ ಕೂತೆ. ಮಂಡಿಗಳು ಬಹಿರಂಗವಾಗಿ ಪ್ರತಿಭಟಿಸಿದವು. ಉಳಿದವರೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂತರು. ನಾನು ಅವರ ಹಬ್ಬವನ್ನು ಕೆಡಿಸಿದೆನೇನೋ ಎನಿಸಿ ಏಳಲು ನೋಡಿದೆ, ಆಗಲಿಲ್ಲ. "ಕೂತಿದ್ದಾಯ್ತಲ್ಲ, ಸ್ವಲ್ಪ ಸರೀರಿ ಮೇಷ್ಟ್ರೇ, ಎಲೆಗೆ ಜಾಗ ಬೇಡ್ವಾ?" ಎಂದು ಸೀತಮ್ಮ ಪಕ್ಕದಲ್ಲೇ ಕೂತಾಗ ಎಲ್ಲರೂ ನಕ್ಕರು.

ಸರೋಜಳ ಕೋಳಿ ಸಾರು ಬಂತು. ಪಂಕ್ತಿಯ ತುದಿಯಲ್ಲಿದ್ದ ನನ್ನ ಬಳಿಗೆ ಬರುವಷ್ಟರಲ್ಲಿ ಪಾತ್ರೆ ಬರಿದು. "ನಿಮ್ಮ ಅಮೆರಿಕ ಬೇಕಾದಷ್ಟು ಉಳಿದಿದೆ, ಹಾಕ್ಲಾ?" ಎಂದಳು ಸರೋಜ.

ಸೀತಮ್ಮ ತನ್ನ ಎಲೆಯಿಂದ ಒಂದು ತುಂಡು ಎತ್ತಿ, ಅರೆಕ್ಷಣ ಅನುಮಾನಿಸಿ, "ಎಂಜಲಾಗಿಲ್ಲ, ತಗೊಳ್ಳಿ" ಎಂದಳು.

ನಾನು ಎಲೆ ಮುಂದಕ್ಕೆ ಸರಿಸಿದೆ.