ಹತ್ತಕ್ಕೆ ಎಷ್ಟು ಧೈರ್ಯ?

ಇಷ್ಟು ವರ್ಷ ಪಾಠ ಹೇಳಿಯೂ, ತರಗತಿಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಳ್ಳದೆ ಒಳಗೆ ಹೋಗುವ ಧೈರ್ಯ ನನಗೆ ಬಂದಿಲ್ಲ. ಅಂಥವನಿಗೇ ನಮ್ಮ ಕಾಲೇಜು ವಿದ್ಯಾರ್ಥಿಗಳ ಆತ್ಮವಿಶ್ವಾಸ ಅಳೆಯುವ ಕೆಲಸ ಒಪ್ಪಿಸಿತು. ಜ್ವರವಾದರೆ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಬಹುದು; ಇದನ್ನು ಎಲ್ಲಿಟ್ಟು ನೋಡುವುದು?

ಓಪನ್ ಸೋರ್ಸ್ ಎಂದರೆ ಊರು ಕೇರಿ ಗೊತ್ತಿಲ್ಲದ ಜನ ಸೇರಿ ಬರೆಯುವ, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದಾದ ತಂತ್ರಾಂಶ. ಅದರಲ್ಲಿ ಕೈಯಾಡಿಸಿದರೆ ಮಕ್ಕಳಿಗೆ ಧೈರ್ಯ ಬರುತ್ತದೆಂದು ಪಠ್ಯಕ್ಕೆ ಸೇರಿಸಿದ್ದೆವು. ಸೆಮಿಸ್ಟರಿನ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ, ನಿಮಗೆ ನೀವೇ ಹತ್ತಕ್ಕೆ ಎಷ್ಟು ಕೊಡುತ್ತೀರಿ ಎಂದು ಕೇಳುವುದು. ಎಷ್ಟು ಏರಿತೆಂದು ವರದಿ ಬರೆಯುವುದು. ಇಳಿಯಬಹುದೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಸಿದ್ಧಾರ್ಥನಗರದಿಂದ ಬರುತ್ತಿದ್ದ ಸುಜಾತಾ ಮೊದಲ ದಿನ ಏಳು ಕೊಟ್ಟುಕೊಂಡಳು. ಅವಳು ಆರಿಸಿಕೊಂಡದ್ದು ಕಣ್ಣು ಕಾಣದವರಿಗೆ ಕನ್ನಡ ಓದಿ ಹೇಳುವ ಪುಟ್ಟ ತಂತ್ರಾಂಶ. ಒತ್ತಕ್ಷರ ಬಂದರೆ ಅದು ಎಡವುತ್ತಿತ್ತು. 'ಅಮ್ಮ' ಎಂದಿದ್ದರೆ 'ಅಮ್' ಎಂದು ನಿಂತು, ಉಸಿರೆಳೆದುಕೊಂಡು, ಆಮೇಲೆ 'ಮ' ಎನ್ನುತ್ತಿತ್ತು. ಸುಜಾತಾ ಹಟ ಹಿಡಿದು ಅದನ್ನು ಸರಿಪಡಿಸಿ, ತಿದ್ದುಪಡಿಯನ್ನು ಆ ತಂತ್ರಾಂಶ ನೋಡಿಕೊಳ್ಳುವವನಿಗೆ ಕಳಿಸಿ, ಒಪ್ಪಿಗೆಗೆ ಕಾದಳು.

ಬೇರೆ ತಂತ್ರಾಂಶ ಆರಿಸಿಕೊಂಡಿದ್ದ ಉಳಿದವರಿಗೆಲ್ಲ ಉತ್ತರ ಬಂತು. ಕೆಲವರಿಗೆ ಶಹಬ್ಬಾಸ್, ಕೆಲವರಿಗೆ ಬೈಗುಳ. ಇವಳಿಗೆ ಏನೂ ಇಲ್ಲ. ಕೇಳಲು ಬಂದಾಗಲೆಲ್ಲ ನಾನು, ಅವರ ದೇಶದಲ್ಲಿ ಈಗ ರಾತ್ರಿಯಿರಬೇಕು ಎನ್ನುತ್ತಿದ್ದೆ. ಮಳೆಗಾಲ ಕಳೆದರೂ ಆ ಮಹಾರಾಯನಿಗೆ ಬೆಳಗಾಗಲಿಲ್ಲ. ಕೊನೆಗೆ ಹುಡುಕಿದರೆ, ಅದನ್ನು ನೋಡಿಕೊಳ್ಳುತ್ತಿದ್ದವನು ಎಂದೋ ಕೈಬಿಟ್ಟು ಹೋಗಿದ್ದ. ವಿಷಯ ತಿಳಿಸಿದೆ. ಅವಳು ನಂಬಲಿಲ್ಲ, ತನ್ನ ಕೆಲಸವೇ ಚೆನ್ನಾಗಿರಲಿಲ್ಲವೆಂದು ತೀರ್ಮಾನಿಸಿಬಿಟ್ಟಿದ್ದಳು. ಸೆಮಿಸ್ಟರಿನ ಕೊನೆಯಲ್ಲಿ ಎರಡು ಕೊಟ್ಟುಕೊಂಡಳು. ಕಾಲೇಜಿಗೇ ಬಂದ ಕಂಪನಿಗಳ ಸಂದರ್ಶನಕ್ಕೂ ಕೂರಲಿಲ್ಲ.

ಹೊಲಿಗೆ ಅಂಗಡಿ ನಡೆಸುವ ಅವಳಮ್ಮ ಫೋನು ಮಾಡಿದರು. "ಕಂಪ್ಯೂಟರ್ ಸವಾಸನೇ ಬ್ಯಾಡ ಅಂದ್ಬುಟ್ಟವ್ಳೆ ಸಾರ್. ಚೆನ್ನಾಗೇ ಓದ್ತಿದ್ಲಲ್ಲ, ಏನಾಯ್ತು?"

ಬಾಯಿಗೆ ಬಂದ ಸಮಾಧಾನ ಹೇಳಿ ಫೋನಿಟ್ಟೆ.

ವರದಿ ಬರೆಯುವಾಗ ಆ ಅನಾಥ ತಂತ್ರಾಂಶದ ಜಾಲಪುಟವನ್ನು ಸುಮ್ಮನೆ ತೆರೆದೆ. ಹೊಸ ಫೋನಿನಲ್ಲಿ ಓದುವುದು ನಿಂತುಹೋಗಿದೆ, ಯಾರಾದರೂ ಇದ್ದೀರಾ ಎಂದು ಒಬ್ಬರು ಕೇಳಿದ್ದರು. ಕೆಳಗೆ, ಏನು ಮಾಡಬೇಕೆಂದು ಬಿಡಿಸಿ ಬಿಡಿಸಿ ಬರೆದ ಉತ್ತರ. ಇನ್ನೊಬ್ಬರ ಪ್ರಶ್ನೆ, ಮತ್ತೆ ಉತ್ತರ. ಬರೆದವಳು ಸುಜಾತಾ.

ಅಂಕಪಟ್ಟಿಗೆಂದು ಬಂದವಳನ್ನು ನಿಲ್ಲಿಸಿ, ಇಷ್ಟು ಧೈರ್ಯವಿದ್ದೂ ಎರಡೇ ಯಾಕಮ್ಮ ಎಂದೆ.

"ಧೈರ್ಯ ಏನಿಲ್ಲ ಸಾರ್," ಎಂದಳು. "ತಪ್ಪೇಳ್ಬುಟ್ರೆ ಅಂತ ಈಗ್ಲೂ ನಾಕ್ ಸಲ ಓದ್ಬುಟ್ಟೇ ಕಳಿಸ್ತೀನಿ. ಆದ್ರೆ ಉತ್ರಕ್ಕೆ ಕಾಯೋದು ಎಂಗಿರುತ್ತೆ ಅಂತ ಗೊತ್ತಲ್ಲ."

ಅವಳ ಮನಸ್ಸೇನೂ ಬದಲಾಗಲಿಲ್ಲ. ಈಗ ಬ್ಯಾಂಕ್ ಪರೀಕ್ಷೆಯ ತರಬೇತಿಗೆ ಹೋಗುತ್ತಾಳೆ. ವರದಿಯಲ್ಲಿ ನಾನು ಏಳು ಎರಡಾಯಿತೆಂದೇ ಬರೆದೆ. ಕೇಳಿದ್ದಷ್ಟನ್ನು ಬರೆಯುವವನು ಮತ್ತೇನು ಬರೆದಾನು? ಒಂಬತ್ತು ಕೊಟ್ಟುಕೊಂಡ ಜಾಣರು ಪರೀಕ್ಷೆ ಮುಗಿದ ಮೇಲೆ ತಮ್ಮ ತಂತ್ರಾಂಶಗಳ ಕಡೆ ತಲೆ ಹಾಕಿಲ್ಲ. ಆ ಪುಟವನ್ನು ಮಾತ್ರ ನಾನು ಆಗಾಗ ನೋಡುತ್ತೇನೆ. ಇವತ್ತು ಬೆಳಿಗ್ಗೆ ಅವಳು ಯಾರಿಗೋ ಬರೆದಿದ್ದಳು: 'ಮತ್ತೆ ತೊಂದರೆಯಾದರೆ ಕೇಳಿ, ನಾನಿದ್ದೇನೆ.'