ಉಮರಬ್ಬ ಕಾಕನಿಗೆ ಒಪ್ಪುವ ಕಾರು

ಮಸ್ಕತ್ ಕಡೆಯ ಸುವೈಕ್‌ನಲ್ಲಿ ಕಾರಿನ ಸೀಟಿಗೆ ಕವರ್ ಹೊಲಿಯುವ ಉಮರಬ್ಬ ಕಾಕ ಮೂವತ್ತು ವರ್ಷದಲ್ಲಿ ಒಮ್ಮೆಯೂ ಒಂದು ಕಾರಿನಲ್ಲಿ ಸುಮ್ಮನೆ ಕೂತವರಲ್ಲ. ಕೂತ ಕೂಡಲೇ ಬೆನ್ನು ಸೀಟಿನ ತಪ್ಪು ಹುಡುಕುತ್ತದೆ, ಮೊಣಕೈ ಬಾಗಿಲಿನದ್ದು, ಕಣ್ಣು ಉಳಿದದ್ದೆಲ್ಲದರದ್ದು. ಕಾರು ಮಾಡುವವರು ಹೊರಗೆ ನಿಂತು ನೋಡಿ ಮಾಡುತ್ತಾರೆ, ಒಳಗೆ ಕೂರುವವರು ನಾವು ಎಂಬುದು ಅವರ ವಾದ. ಜಪಾನಿನಲ್ಲಿ ಯಾವ ಇಂಜಿನಿಯರಿಗೆ ಬಿಕ್ಕಳಿಕೆ ಬಂದರೂ, ಸುವೈಕ್‌ನಲ್ಲಿ ಕಾಕ ಬಾಯಿ ತೆರೆದರೆಂದು ಅವನ ಹೆಂಡತಿಗೆ ಗೊತ್ತಾಗುತ್ತದೆ.

ಈ ಸಲ ಬೈಗುಳಕ್ಕೆ ಗಡುವು ಬಂದಿತ್ತು. ಇಪ್ಪತ್ತೆರಡು ವರ್ಷ ದುಡಿದ ಬಿಳಿ ಗಾಡಿಯ ತಳವನ್ನು ಕಡಲ ಉಪ್ಪುಗಾಳಿ ತಿಂದು ತೇಗಿತ್ತು, ತಪಾಸಣೆಯಲ್ಲಿ ಫೇಲ್. ಗುರುವಾರಕ್ಕೆ ಅದರ ನೋಂದಣಿ ಖಲಾಸ್, ಅಷ್ಟರೊಳಗೆ ಹೊಸ ಕಾರು ಬೇಕು. ಭಾನುವಾರ ಹೆಂಡತಿ ಸೌದಳ ಮೊಣಕಾಲು ತೋರಿಸಲು ಮಸ್ಕತ್‌ಗೆ ಹೋಗಬೇಕು. ಮೂರು ತಿಂಗಳು ಕಾದು ಸಿಕ್ಕಿದ ಅಪಾಯಿಂಟ್‌ಮೆಂಟ್. ಟ್ಯಾಕ್ಸಿಯ ತಗ್ಗು ಸೀಟಿಗೆ ಅವಳ ಕಾಲು ಮಡಚುವುದೇ ಇಲ್ಲ.

ಸೋಮವಾರ ನೋಡಿದ ಕಾರಿನ ಚಾವಣಿ ಹಿಂದಕ್ಕೆ ಇಳಿಜಾರಾಗಿತ್ತು. "ಚಂದ ಉಂಟು," ಎಂದರು ಕಾಕ, "ಹಿಂದೆ ಕೂರುವವರು ತಲೆ ಮನೆಯಲ್ಲಿಟ್ಟು ಬರಬೇಕು, ಅಷ್ಟೆ." ಮಂಗಳವಾರದ್ದರಲ್ಲಿ ಎಸಿ ಜಾಸ್ತಿ ಮಾಡಲು ಪರದೆಯ ಮೇಲೆ ನಾಲ್ಕು ಕಡೆ ಬೆರಳಾಡಿಸಬೇಕು, ಅಷ್ಟರಲ್ಲಿ ಜೂನ್ ಹೋಗಿ ಡಿಸೆಂಬರ್ ಬರುತ್ತದೆ. ಬುಧವಾರ ಶೋರೂಮಿನ ಅಫ್ರಾಜ್, ಕಾಕನ ಊರಿನ ಕಡೆಯ ಬಂಟ್ವಾಳದವನಾದ್ದರಿಂದ ಇನ್ನೂ ಸ್ವಲ್ಪ ತಾಳ್ಮೆ ಉಳಿದವನು, ಬ್ಯಾಟರಿ ಕಾರು ತಂದ. ಕಾಕ ಅದನ್ನು ನೇರ ಚಹಾದಂಗಡಿಯ ಎದುರು ನಿಲ್ಲಿಸಿ ಹಾರ್ನ್ ಒತ್ತಿದರು. ಇಲ್ಲಿ ಚಹಾಕ್ಕೆಂದು ಕಾರಿನಿಂದ ಇಳಿಯುವವನು ಊರಿಗೆ ಹೊಸಬ. ಹಾರ್ನ್ ಕೇಳಿದರೆ ಚಹಾ ಕಾರಿಗೇ ಬರುತ್ತದೆ. ಈ ಹಾರ್ನ್ ಮದುಮಗಳ ಕೆಮ್ಮಿನಷ್ಟು ಮೆತ್ತಗೆ. ಆಮೇಲೆ ಬಂದ ಆರು ಗಾಡಿಗಳಿಗೆ ಚಹಾ ಹೋಯಿತು.

"ಒಂದು ಚಹಾಕ್ಕಾಗಿ ಕಾರು ಬೇಡ ಹೇಳುವುದಾ ಕಾಕ?" ಎಂದ ಅಫ್ರಾಜ್.

"ಒಂದಲ್ಲ ಮಾರಾಯ, ದಿನಕ್ಕೆ ಐದು."

ಗುರುವಾರ ಬೆಳಿಗ್ಗೆ ಅವನು ಕೊನೆಯದನ್ನು ಮನೆ ಬಾಗಿಲಿಗೇ ತಂದ. ಎತ್ತರದ ಬೂದು ಗಾಡಿ, ಮೋರೆ ನೋಡಿದರೆ ಹಲ್ಲುನೋವು ಬಂದ ತಿಮಿಂಗಿಲ. ಕಾಕ ಟಯರಿನಿಂದ ಶುರುಮಾಡಿ ವೈಪರ್‌ವರೆಗೆ ಬೈದು ಮುಟ್ಟುವಷ್ಟರಲ್ಲಿ ಸೌದ ಹೊರಬಂದು, ಬಾಗಿಲು ತೆರೆದು, ಕೂತೇಬಿಟ್ಟಳು. ಎರಡು ವರ್ಷದಿಂದ ಯಾವ ಗಾಡಿ ಹತ್ತುವಾಗಲೂ "ಯಾ ಅಲ್ಲಾ" ಎಂದು ನರಳುತ್ತಿದ್ದವಳು ಇವತ್ತು ನರಳಲಿಲ್ಲ.

ಕಾಕನ ಬೈಗುಳ ಅರ್ಧಕ್ಕೆ ನಿಂತಿತು.

"ನೋವಾಗಲಿಲ್ಲವಾ?"

"ಇಲ್ಲ. ಸೊಂಟದ ಎತ್ತರಕ್ಕೇ ಸೀಟು ಉಂಟು."

"ಅದರ ಹೊಲಿಗೆ ನೋಡು, ಗೋಣಿಚೀಲ ಹೊಲಿದ ಹಾಗೆ."

"ಹೊಲಿಗೆ ನೀವು ನೋಡಿ. ನಾನು ಕೂರುತ್ತೇನೆ."

ಕಾಕ ಸೀಟನ್ನು ಅಂಗೈಯಲ್ಲಿ ಒತ್ತಿದರು, ನೆಲದಿಂದ ಗೇಣು ಹಾಕಿ ಅಳೆದರು, ಮತ್ತೊಮ್ಮೆ ಅಳೆದರು. ತಪ್ಪು ಸಿಗಲಿಲ್ಲ. ಅದರಿಂದಲೇ ಮತ್ತಷ್ಟು ಕಿರಿಕಿರಿಯಾಗಿ, ಅಫ್ರಾಜನ ಪೆನ್ನು ಕಿತ್ತುಕೊಂಡು ಸಹಿ ಹಾಕಿದರು.

ಭಾನುವಾರ ಮಸ್ಕತ್ ಹೆದ್ದಾರಿಯಲ್ಲಿ ಬಿಳಿ ಗೆರೆ ಮುಟ್ಟಿದಾಗಲೆಲ್ಲ ಕಾರು ಬೀಪ್ ಬೀಪ್ ಎಂದು ಅತ್ತೆಯ ಹಾಗೆ ಗದರಿತು. ಕಾಕ ಕನ್ನಡಿ ಸರಿಮಾಡಿದರು, ಸೀಟು ಹಿಂದೆ ತಳ್ಳಿದರು, ಮುಂದೆ ಎಳೆದರು. ಪಕ್ಕದಲ್ಲಿ ಸೌದ ಕಾಲು ಚಾಚಿ ಕಣ್ಣು ಮುಚ್ಚಿದ್ದಳು. ಅವಳಿಗೆ ಎಚ್ಚರವಾದೀತೆಂದು, ದಾರಿಯಲ್ಲಿ ಸಿಗುವ ಬರ್ಕಾ ಊರಿನ ತನಕ ಅವರು ಒಂದು ದೂರೂ ಹೇಳಲಿಲ್ಲ. ನುಂಗಿದ ದೂರುಗಳಿಗೆ ಹೊಟ್ಟೆ ಉಬ್ಬಿ ಸೀಟ್‌ಬೆಲ್ಟ್ ಎರಡು ಬೆರಳು ಬಿಗಿಯಾಯಿತು. ಇನ್ನು ತಡೆಯಲಾಗಲಿಲ್ಲ.

"ಈ ಇಂಡಿಕೇಟರಿನ ಕಡ್ಡಿ ಉಂಟಲ್ಲ..." ಎಂದು ಪಿಸುಗುಟ್ಟಿದರು.

"ರಸ್ತೆ ನೋಡಿ," ಎಂದಳು ಸೌದ, ಕಣ್ಣು ತೆರೆಯದೆ.