ನಾಲ್ಕನೆಯ ನರ

ಬಿಸಿ ಕಾಫಿಯ ಗುಟುಕಿಗೆ ಬಲಗಡೆ ಮೇಲಿನ ದವಡೆ ಹಲ್ಲು ಚಳಕ್ ಎಂದಿತು. ಅಷ್ಟೇ. ಮುದ್ದೆ ನುಂಗುವವಳಿಗೆ ದವಡೆ ಹಲ್ಲಿನ ಕೆಲಸವೇನು ಎಂದು ನಮ್ಮ ಯಜಮಾನರು ನಗೆಯಾಡಿದರು. ವಾರದೊಳಗೆ ಅವರ ನಗೆಯೂ ನಿಂತಿತು, ನನ್ನ ನಿದ್ದೆಯೂ ಹೋಯಿತು.

ನಮ್ಮೂರು ಕೆಂಚಾರ್ಲಹಳ್ಳಿಯಿಂದ ಚಿಂತಾಮಣಿಗೆ ಹೋದೆವು. ಹಲ್ಲಿನ ಡಾಕ್ಟರು ಒಳ್ಳೆಯವರು. ಎಕ್ಸ್‌ರೇ ತೆಗೆದು, ಮೂರು ಸಲ ಕರೆಸಿ ರೂಟ್ ಕೆನಾಲ್ ಮಾಡಿದರು.

"ಈ ಹಲ್ಲಲ್ಲಿ ಮೂರು ನರ. ಮೂರೂ ತೆಗೆದಿದೀನಮ್ಮ. ಇನ್ನು ನೋವೇ ಬರಲ್ಲ."

ನೋವು ಬಂತು.

ಮತ್ತೆ ಹೋದೆ. ಎಲ್ಲ ಸರಿಯಾಗಿದೆ ಎಂದರು. "ನರಮೇ ಲೇದಂಟೆ ನೊಪ್ಪಿ ಎಕ್ಕಡಿದೇ?" ಎಂದು ನಮ್ಮ ಅತ್ತೆ ತೆಲುಗಿನಲ್ಲಿ ಕೇಳಿದರು. ನರವೇ ಇಲ್ಲದ ಮೇಲೆ ನೋವೆಲ್ಲಿಯದು? ಕೆಲಸಗಳ್ಳಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಯಜಮಾನರು ನಾನು ಕೆನ್ನೆ ಹಿಡಿದಾಗಲೆಲ್ಲ ಬೇರೆ ಕಡೆ ನೋಡತೊಡಗಿದರು. ಅದು ಹಲ್ಲಿಗಿಂತ ಹೆಚ್ಚು ನೋಯಿಸಿತು.

ನಾವು ಸಾಕುತ್ತಿದ್ದ ರೇಷ್ಮೆ ಹುಳುಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿದ್ದವು. ಎಷ್ಟು ಹಿಪ್ಪುನೇರಳೆ ಸೊಪ್ಪು ಹಾಕಿದರೂ ಸಾಲದ ಕಾಲ. ಹುಳುಮನೆಗೆ ಹೊಗೆಸೊಪ್ಪಿನ ಗಾಳಿಯೂ ಸೋಕಬಾರದು, ಅದು ಹುಳುವಿಗೆ ವಿಷ. ಹೊಗೆಸೊಪ್ಪು ಜಗಿಯುವ ಮಾವನವರನ್ನೇ ಬಾಗಿಲಲ್ಲಿ ತಡೆದು ಕೈ ತೊಳೆಸುತ್ತಿದ್ದವಳು ನಾನು. ಆವತ್ತು ಮಧ್ಯಾಹ್ನ ತಡೆಯಲಾರದೆ ಅವರ ಚೀಲದಿಂದಲೇ ಒಂದು ಚೂರು ಹೊಗೆಸೊಪ್ಪು ಕದ್ದು ಹಲ್ಲಿಗೆ ಒತ್ತಿಕೊಂಡೆ. ಆಮೇಲೆ ಬಾಯಿ ಮುಕ್ಕಳಿಸಿದೆ. ಕೈ ತೊಳೆಯುವುದು ಮರೆತೆ.

ಸಂಜೆಗೆ, ನಾನು ಸೊಪ್ಪು ಹಾಕಿದ ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ ವಾಂತಿ ಮಾಡುತ್ತಿದ್ದವು.

"ಯಾರು ಬಂದಿದ್ರು ಒಳಗೆ?" ಯಜಮಾನರು ಕೂಗಿದರು.

"ನಾನೇ ರೀ. ಹೊಗೆಸೊಪ್ಪು ಮುಟ್ಟಿದ ಕೈ."

ಬೈದರೂ ಬೈಯಲಿ, ಹೊಡೆದರೂ ಹೊಡೆಯಲಿ ಎಂದು ನಿಂತೆ. ಅವರು ನನ್ನ ಮುಖ ನೋಡಿದರು.

"ನೀನೇ ಹುಳುಮನೆಗೆ ಹೊಗೆಸೊಪ್ಪು ತಂದೆ ಅಂದ್ರೆ... ಅಷ್ಟು ನೋವಾ ಪದ್ಮಾ?"

ಉಳಿದ ಹುಳುಗಳನ್ನು ಅತ್ತೆಗೆ ಒಪ್ಪಿಸಿ ಮಾರನೇ ದಿನವೇ ಬೆಂಗಳೂರಿನ ಡೆಂಟಲ್ ಕಾಲೇಜಿಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ಓರೆಯಿಂದ ಇನ್ನೊಂದು ಎಕ್ಸ್‌ರೇ ತೆಗೆಸಿದರು.

"ಮುಂದಿನ ಬೇರಲ್ಲಿ ಎರಡು ಕೆನಾಲ್, ನರದ ದಾರಿ, ಇದೆಯಮ್ಮ; ಒಟ್ಟು ಮೂರಲ್ಲ, ನಾಲ್ಕು. ನೇರ ತೆಗೆದ್ರೆ ಒಂದರ ಹಿಂದೆ ಇನ್ನೊಂದು ಅಡಗಿರುತ್ತೆ. ಎಲ್ಲರ ಹಲ್ಲೂ ಒಂದೇ ತರ ಇರಲ್ಲ. ನಿಮಗೆ ನೋವಿದ್ದದ್ದು ನಿಜ."

ಬಾಯಿ ತೆರೆದುಕೊಂಡೇ ಅತ್ತುಬಿಟ್ಟೆ.

ಆ ನಾಲ್ಕನೆಯ ದಾರಿಯನ್ನೂ ಹುಡುಕಿ ಕ್ಲೀನ್ ಮಾಡಿದರು; ಕೂದಲಿನಷ್ಟು ಸಣ್ಣದಂತೆ. ಪೂರ್ತಿ ಕ್ಲೀನ್ ಆಗಿದೆಯೋ, ಹಲ್ಲು ಉಳಿಯುತ್ತದೋ, ಈಗಲೇ ಹೇಳಲಾಗದು ಎಂದಿದ್ದಾರೆ. ಚಿಂತಾಮಣಿಯ ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ, ಕಂಡಷ್ಟನ್ನು ಅವರು ತೆಗೆದಿದ್ದರು. ಸತ್ತ ಹುಳುಗಳ ಸಂಕಟ ಮಾತ್ರ ಹೋಗಿಲ್ಲ.

ಹತ್ತು ದಿನ ನೆಮ್ಮದಿಯಾಗಿತ್ತು. ನಿನ್ನೆ ಬೆಳಿಗ್ಗೆ ಹಲ್ಲು ಸ್ವಲ್ಪ ಮಿಡಿದಂತಾಯಿತು. ಹೇಳಲೋ ಬೇಡವೋ ಎಂದು ಅನುಮಾನಿಸುತ್ತಲೇ "ನೋಯ್ತಿದೆ ಕಣ್ರೀ" ಎಂದೆ. ಯಜಮಾನರು ಎಷ್ಟು, ಯಾಕೆ ಎಂದು ಕೇಳಲಿಲ್ಲ. ಬೆಂಗಳೂರಿಗೆ ಹೊರಡಲು ಅಂಗಿ ಹಾಕಿಕೊಂಡರು.